ಬಳೆ ತೊಟ್ಟ ಕಾಯಿ

ಗೋಪುಲಿ ಕುಡುಗೋಲು ಕಸಿದುಕೊಂಡಾಗ ಹರುಲಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ತವರಿನಲ್ಲಿ ಅವ್ವ ಕೊಟ್ಟ ಕುಡುಗೋಲು ಅದು. ಊರಿನವರು ಬಾಂಜ್ ಎಂಬ ಓಕ್ ಮರಗಳನ್ನೆಲ್ಲ ಐದು ವರ್ಷ ಯಾರೂ ಕಡಿಯಬಾರದೆಂದು ದೇವಿಗೆ ಒಪ್ಪಿಸಿದ್ದರು. ದನಕ್ಕೆ ಬೇರೆ ಸೊಪ್ಪು ಕೊಯ್ಯಲು ಅಡ್ಡಿಯಿಲ್ಲ, ಬಾಂಜ್ ಮುಟ್ಟಿದವಳ ಕುಡುಗೋಲು ಮಾತ್ರ ಗುಡಿಯ ಕಂಬಕ್ಕೆ. ಹೋದ ವರ್ಷ ಕಾವಲಿನ ಗೋಪುಲಿ ಸ್ವಂತ ಸೊಸೆಯದನ್ನೇ ತಂದು ಕಟ್ಟಿಸಿದ್ದಳು. ಈಗ ತೀರ್ಪು ಹೇಳಬೇಕಾದವಳು ಹೆಂಗಸರ ಸಂಘದ ಹಿರಿಯಳು ಜಸುಲಿ, ಅಂದರೆ ಹರುಲಿಯ ಅತ್ತೆ.

"ಇದು ಬಾಂಜ್ ಅಲ್ಲ ಅತ್ತೆ, ಅದರ ದಾಯಾದಿ. ಫಲಿಯಾಂಟ್!"

"ನಲವತ್ತು ವರ್ಷದಿಂದ ಈ ಗುಡ್ಡ ಹತ್ತಿ ಇಳೀತಿದೀನಿ. ಫಲಿಯಾಂಟ್ ಎಲ್ಲಿಂದ ಬಂತೇ, ತವರಿಂದ ಬಳುವಳಿ ತಂದ್ಯಾ?" ಎಂದಳು ಗೋಪುಲಿ. ಹೆಂಗಸರು ಕಿಸಕ್ಕನೆ ನಕ್ಕರು.

ಹರುಲಿ ಸೊಪ್ಪಿನ ಹೊರೆ ಬಿಚ್ಚಿಯೇ ಬಿಟ್ಟಳು. "ಎಲೆ ಮಗುಚಿ ನೋಡಕ್ಕಾ! ಬಾಂಜ್ ಎಲೆ ಹಿಂದೆ ಸುಣ್ಣ ಬಳಿದ ಹಾಗಿರುತ್ತೆ. ಇದು ಬೂದು ಹಸಿರು. ಅಂಚಿನ ಹಲ್ಲೂ ತುದಿ ಕಡೆ ಮಾತ್ರ, ಬುಡದಲ್ಲಿ ಬೋಳು."

"ಬಾಡಿದೆ, ಬಣ್ಣ ಹೋಗಿದೆ," ಎಂದಳು ಗೋಪುಲಿ.

"ಸೊಸೆ ಅಂತ ಬಿಡೋಳಲ್ಲ ನಾನು," ಎಂದಳು ಜಸುಲಿ. "ಮರ ತೋರಿಸು. ಇಲ್ಲದಿದ್ರೆ ನಾನೇ ಕಂಬಕ್ಕೆ ಕಟ್ತೀನಿ."

ಎಲ್ಲರೂ ಏದುಸಿರು ಬಿಡುತ್ತ ನೀರಿನ ಹಳ್ಳಕ್ಕೆ ಹತ್ತಿದರು. ಹರುಲಿ ಸೀರೆ ಸಿಕ್ಕಿಸಿ ತಾನು ಸೊಪ್ಪು ಕೊಯ್ದಿದ್ದ ಮರವನ್ನು ಸರಸರ ಏರಿ ಕಾಯಿಯಿರುವ ಗೆಲ್ಲೊಂದನ್ನು ಮುರಿದು ಕೆಳಗೆಸೆದಳು. ಅಷ್ಟರಲ್ಲಿ ಗಾಳಿ ಬೀಸಿತು. ಸುತ್ತಲಿನ ಬಾಂಜ್ ಮರಗಳೆಲ್ಲ ಎಲೆ ಮಗುಚಿ ಬೆಳ್ಳಗಾದವು. ಹರುಲಿ ಕೂತ ಮರವೊಂದೇ ಹಸಿರಾಗಿ ಉಳಿಯಿತು.

ಜಸುಲಿ ಕಾಯಿಯ ತಲೆಗಂಟಿದ್ದ ಬಟ್ಟಲಿನಂಥ ಟೋಪಿಯನ್ನು ಕಣ್ಣ ಬಳಿ ಹಿಡಿದಳು. ಬಾಂಜ್ ಟೋಪಿಯ ಮೇಲೆ ಮೀನಿನ ಹಾಗೆ ಚಕ್ಕೆ ಇರುತ್ತದೆ. ಇದಕ್ಕೆ ಚಕ್ಕೆಯೇ ಇಲ್ಲ.

"ಬಳೆ ಕಣ್ರೇ! ಒಂದರ ಮೇಲೊಂದು ಆರು ಬಳೆ ತೊಟ್ಟಿದೆ! ಇಷ್ಟು ವರ್ಷ ಇದರ ನೆರಳಲ್ಲೇ ನೀರು ತುಂಬಿಸಿದೀನಿ, ನನ್ನ ಕಣ್ಣಿಗೇನು ಮಂಕು ಕವಿದಿತ್ತೋ!" ಜಸುಲಿ ಕಾಯಿಯನ್ನು ಎಲ್ಲರಿಗೂ ಎತ್ತಿ ತೋರಿಸಿದಳು. ಹೆಂಗಸರು ಕಾಯಿಗೆ ಮುಗಿಬಿದ್ದರು. ಮರದ ಮೇಲಿದ್ದ ಹರುಲಿ ಕೇಕೆ ಹಾಕಿದಳು.

ಗೋಪುಲಿ ಮಾತ್ರ ಕಾಯಿ ಮುಟ್ಟಲಿಲ್ಲ. ಕುಡುಗೋಲನ್ನು ಮರದ ಬುಡಕ್ಕೊರಗಿಸಿದಳು.

"ನನ್ನ ಸೊಸೆನೂ ಈ ಹಳ್ಳದಿಂದಲೇ ತಂದಿದ್ಲು," ಎಂದಳು. "ಬಾಂಜ್ ಅಲ್ಲ ಅಂತ ಅವಳೂ ಹೇಳಿದ್ಲು. ನಾನು ಎಲೆ ಮಗುಚಿ ನೋಡ್ಲಿಲ್ಲ."

ಯಾರಾದರೂ ಏನಾದರೂ ಹೇಳುವ ಮೊದಲೇ ಅವಳು ಗುಡಿಯ ಕಡೆಗೆ ಓಡುತ್ತಿದ್ದಳು.