ಕಾಲ್ಮೇಷ್ಟ್ರ ಬಲಗಾಲು

ತೀರಿಕೊಂಡ ಗಂಡನ ಬಲಗಾಲಿಗೆ ಎಳೆದುಹಾಕಿದ ಕಾಲುಚೀಲವನ್ನು ಹೆಂಡತಿ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಮೆಡಿಕಲ್ ಕಾಲೇಜಿನ ಡ್ರೈವರ್ ದಾರ ಪೋಣಿಸಿದ ನಂಬರ್ ಚೀಟಿ ಹಿಡಿದು ಬಾಗಿಲಲ್ಲೇ ನಿಂತ.

"ಅಮ್ಮಾ, ಬಲಗಾಲ ಹೆಬ್ಬೆರಳಿಗೆ ಕಟ್ಟೋದು ರೂಲ್ಸು."

"ನಿನ್ನ ರೂಲ್ಸು ನಿನ್ನ ಗಾಡೀಲಿಟ್ಕೋ. ಇವರು ಎಲ್ಲೂ ಬರಲ್ಲ. ಮಣ್ಣು ಮಾಡ್ತೀವಿ."

ಗಂಡ ಆ ಕಾಲೇಜಿನಲ್ಲಿ ಹೆಣ ಕೊಯ್ದು ಪಾಠ ಹೇಳುವ ಕೊಠಡಿಯ ಅಟೆಂಡರ್ ಆಗಿದ್ದ. ಮೂವತ್ತೊಂದು ವರ್ಷ ಹೆಣಗಳನ್ನು ಎತ್ತಿ, ತೊಳೆದು, ಮೇಜಿಗೆ ಹಾಕಿದವನು ತನ್ನ ದೇಹವನ್ನೂ ಅಲ್ಲಿಗೇ ಬರೆದುಕೊಟ್ಟಿದ್ದ. ಹೆಂಡತಿಯ ಸಹಿಯೊಂದು ಬಾಕಿ. ಗಾಡಿ ಹನ್ನೆರಡರವರೆಗೆ ಕಾಯುತ್ತದೆ, ಆಗಲೇ ಹನ್ನೊಂದೂಕಾಲು.

"ಅಕ್ಕ ಹೇಳೋದು ಕರೆಕ್ಟು," ಎಂದ ಅವಳ ತಮ್ಮ, ರಿಟೈರಾದ ಬಸ್ ಡ್ರೈವರ್. "ದುಡಿದ ಜಾಗಕ್ಕೇ ಹೆಣ ಕೊಡೋದಾದ್ರೆ ನಾಳೆ ನನ್ನನ್ನ ಡಿಪೋದಲ್ಲಿ ಬಸ್ಸಡಿ ಮಲಗಿಸ್ತೀರಾ?"

"ಡ್ಯೂಟೀಲಿದ್ದಾಗ್ಲೂ ನೀನು ಅಲ್ಲೇ ಮಲಗ್ತಿದ್ಯಲ್ಲ ಮಾವ," ಎಂದಳು ಮಗಳು. ಯಾರೋ ನಕ್ಕು, ಕೆಮ್ಮಿ ಮುಚ್ಚಿಹಾಕಿದರು.

ಹೆಂಡತಿ ನಗಲಿಲ್ಲ. "ಅಲ್ಲಿ ಯಾರಿಗೂ ಹೆಸರಿಲ್ಲ ಕಣೇ, ಬರೀ ನಂಬರ್ರು. ನಿಮ್ಮಪ್ಪಾನೇ ಹೇಳ್ತಿದ್ರು. ಇವರನ್ನೂ ನಂಬರ್ ಮಾಡ್ಲಾ?"

ಜನರ ನಡುವೆ ದಾರಿ ಮಾಡಿಕೊಂಡು ಡಾಕ್ಟರಮ್ಮ ಒಳಗೆ ಬಂದರು. ಈಗ ಮೂಳೆ ಸರ್ಜನ್. ಒಂದು ಕಾಲದಲ್ಲಿ ಅದೇ ಕಾಲೇಜಿನ ವಿದ್ಯಾರ್ಥಿನಿ. ಪಾದದ ಬಳಿ ನೆಲದ ಮೇಲೇ ಕೂತರು.

"ಕಾಲ್ಮೇಷ್ಟ್ರು ಹೋಗ್ಬಿಟ್ರು."

"ನೀವೂ ಹಾಗೇ ಕರೀತೀರಾ?" ಎಂದಳು ಹೆಂಡತಿ. "ಹೆಣದ ಕಾಲು ಹೊತ್ಕೊಂಡು ಓಡಾಡ್ತಿದ್ರು ಅಂತ ಅಣಕಿಸೋದು ತಾನೇ?"

"ಅಯ್ಯೋ, ಅವರು ನಿಮಗೆ ಹೇಳೇ ಇಲ್ವಾ?"

* * *

ಡಾಕ್ಟರಮ್ಮ ಆಗಿನ್ನೂ ಹುಡುಗಿ. ಎರಡು ಸಲ ಫೇಲಾದವಳಿಗೆ ಅದು ಕೊನೆಯ ಚಾನ್ಸು. ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರೆ ಸಾಕು, ಓದಿದ್ದೆಲ್ಲ ಓಡಿಹೋಗುತ್ತಿತ್ತು. ಮೇಜಿನ ಮೇಲಿದ್ದ ಪಾದದಿಂದ ಬಿಳಿ ಹುರಿಯೊಂದನ್ನು ಇಕ್ಕಳದಲ್ಲಿ ಎತ್ತಿ ಹಿಡಿದರು.

"ಈ ಸ್ನಾಯುರಜ್ಜು ಯಾವ ಬೆರಳಿಗೆ ಹೋಗುತ್ತೆ?"

ಹುಡುಗಿಯ ಕಣ್ಣು ನೆಲಕ್ಕಿಳಿಯಿತು. ಪರೀಕ್ಷಕರ ಬೆನ್ನ ಹಿಂದೆ ಅಟೆಂಡರ್ ಚಪ್ಪಲಿ ಕಳಚಿ ನಿಂತಿದ್ದ. ನಾಲ್ಕು ಬೆರಳು ನೆಲಕ್ಕೆ ಅಂಟಿಸಿದಂತಿದ್ದವು. ಬಲಗಾಲ ಹೆಬ್ಬೆರಳೊಂದೇ ಮೆಲ್ಲಗೆ ಎದ್ದು ನಿಂತಿತು.

"ಹೆ... ಹೆಬ್ಬೆರಳಿಗೆ ಸಾರ್."

"ಮಡಚೋದಾ, ಎತ್ತೋದಾ?"

ಹೆಬ್ಬೆರಳು ಇನ್ನಷ್ಟು ಮೇಲೇರಿತು.

"ಎತ್ತೋದು ಸಾರ್!"

ಪರೀಕ್ಷಕರು ಗಕ್ಕನೆ ತಿರುಗಿದರು. ಅಟೆಂಡರ್ ಗೋಡೆ ಗಡಿಯಾರವನ್ನು ಜೀವಮಾನದಲ್ಲಿ ಮೊದಲ ಸಲ ಕಂಡವನಂತೆ ನೋಡುತ್ತಿದ್ದ.

ಹೊರಗೆ ಥ್ಯಾಂಕ್ಸ್ ಹೇಳಲು ಬಂದ ಹುಡುಗಿಗೆ ಸಿನಿಮಾ ವಿಲನ್ನಿನ ಗತ್ತಿನಲ್ಲಿ ಹೇಳಿದ: "ನೋಡಮ್ಮ, ಇವತ್ತು ಈ ಕಾಲು ಮಾತಾಡ್ತು. ನಾಳೆಯಿಂದ ಓದ್ಲಿಲ್ಲ ಅಂದ್ರೆ, ಇದೇ ಕಾಲು ಒದೆಯುತ್ತೆ."

* * *

"ಹೆದರಿ ನಾಲಿಗೆ ಒಣಗಿದೋರಿಗೆಲ್ಲ ಪ್ರತಿ ವರ್ಷ ಅವರೇ ಮೇಷ್ಟ್ರು," ಎಂದರು ಡಾಕ್ಟರಮ್ಮ. "ಸರ್ಜನ್ ಆದ್ಮೇಲೆ ಒಂದಿನ ಆ ಕಾಲು ಮುಟ್ಟಿ ನೋಡಿದೆ. ಹೆಬ್ಬೆರಳನ್ನ ಎತ್ತೋ ಹುರಿ ಕೈಗೆ ಒಂದೇ ಸಿಗಬೇಕು. ಕೆಲವರಿಗೆ ಪಕ್ಕದಲ್ಲಿ ಇನ್ನೊಂದು ಇರುತ್ತೆ, ಎಳೆಯಷ್ಟು. ಇವರದ್ದು ಹಗ್ಗ! ಎಲ್ಲಿಗೆ ಹೋಗಿ ಸೇರುತ್ತೋ, ಬಿಚ್ಚಿ ನೋಡಿದ್ರೇನೇ ಗೊತ್ತಾಗೋದು ಅಂದೆ. 'ಹಾಗಾದ್ರೆ ಕ್ಲೈಮ್ಯಾಕ್ಸ್ ಫೈಟು ನಂದೇ' ಅಂತ ಅವತ್ತೇ ಬರೆದುಕೊಟ್ರು."

ತಮ್ಮ ಸದ್ದಿಲ್ಲದೆ ತನ್ನ ಹೆಬ್ಬೆರಳು ಎತ್ತಿ ನೋಡಿದ. ಐದೂ ಒಟ್ಟಿಗೇ ಎದ್ದವು.

"ನಾನು ಒತ್ತಾಯಕ್ಕೆ ಬಂದಿಲ್ಲಮ್ಮ. ನೀವು ಬೇಡ ಅಂದ್ರೆ ಗಾಡಿ ವಾಪಸ್ ಕಳಿಸ್ತೀನಿ."

ಹೆಂಡತಿ ಕಾಲುಚೀಲದ ಮೇಲಿಂದಲೇ ಆ ಹೆಬ್ಬೆರಳನ್ನು ಸವರಿದಳು.

"ದಿನಾ ಬೆಳಗ್ಗೆ ಆ ಬೆರಳಲ್ಲೇ ನನ್ನ ಪಾದ ಕೆರೆದು ಎಬ್ಬಿಸ್ತಿದ್ರು," ಎಂದಳು. "ಎಲ್ಲರ ಗಂಡಂದಿರೂ ಹೀಗೇ ಅನ್ಕೊಂಡಿದ್ದೆ."

ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ. ಅವಳು ಕಾಲುಚೀಲವನ್ನು ಮೆಲ್ಲಗೆ ಕಳಚಿ, ಮಡಚಿ, ಮಗಳ ಕೈಗಿಟ್ಟಳು.

"ಎಲ್ಲಿ ಸಹಿ ಹಾಕಬೇಕು?"

ಸಹಿ ಮುಗಿದದ್ದೇ ಡ್ರೈವರ್ ಚೀಟಿ ಹಿಡಿದು ಬಲಗಾಲಿನತ್ತ ಬಗ್ಗಿದ. ಅವಳು ಚೀಟಿ ಕಿತ್ತುಕೊಂಡು ತಾನೇ ಎಡಗಾಲ ಹೆಬ್ಬೆರಳಿಗೆ ಕಟ್ಟಿ, ಎರಡು ಗಂಟು ಹಾಕಿದಳು.

"ಬಲಗಾಲಿಗೆ ಬೇಡಪ್ಪ. ಪರೀಕ್ಷೆ ಟೈಮಲ್ಲಿ ಅಡ್ಡ ಆಗುತ್ತೆ."

ಆಮೇಲೆ ಬಿಳಿ ಬಟ್ಟೆಯನ್ನು ತಲೆಯಿಂದ ಕೆಳಗೆ ನೀಟಾಗಿ ಎಳೆಯುತ್ತ ಬಂದು, ಬಲಗಾಲ ಹರಡಿನ ಹತ್ತಿರ ನಿಲ್ಲಿಸಿ, ಪಾದವನ್ನು ಹೊರಗೇ ಬಿಟ್ಟಳು.