ಸಮಾಧಿ ಯಾವ ಸಾಲಿಗೆ

ಕಂಪ್ಯೂಟರ್ ಪರದೆಯ ಮೇಲೆ ಉಂಗುರ ಸುತ್ತುತ್ತಲೇ ಇದೆ, ಸುತ್ತಲಿ, ಝಾಲ್ಕಾಳಿಗೇನು ಅವಸರ, ದ್ರಾವಾ ನದಿ ದಂಡೆಯ ಈ ಊರಲ್ಲಿ ಮೂವತ್ತೊಂದು ವರ್ಷ ಟಪಾಲು ಹಂಚಿದವಳು, ಮುಚ್ಚಿದ ಬಾಗಿಲ ಮುಂದೆ ಕಾಯುವುದು ಹೊಸದೇ — ಹೊಸ ಜಾಲತಾಣ ಹೇಗಿರಬೇಕು ಅಂತ ಊರವರನ್ನೇ ಕೇಳ್ತೀವಿ ಎಂದು ಪುರಸಭೆಯವರು ಕರೆಸಿದ್ದಾರೆ, ಕೇಳಲಿ, ಹೇಳುತ್ತಾಳೆ. ಪಕ್ಕದಲ್ಲಿ ತಾಣ ಕಟ್ಟಲು ಬಂದ ಟಿಲೆನ್, ಅಮ್ಮಾ, ಈಗಿರೋ ತಾಣದಲ್ಲಿ ಸಮಾಧಿ ಜಾಗದ ಗುತ್ತಿಗೆ ಮುಂದುವರಿಸೋ ಪುಟ ಹುಡುಕಿ, ನಾನೇನೂ ಹೇಳಿಕೊಡೋ ಹಾಗಿಲ್ಲ, ಮನಸ್ಸಿಗೆ ಬಂದದ್ದನ್ನ ಬಾಯಲ್ಲಿ ಹೇಳ್ತಾ ಹೋಗಿ, ಅನ್ನುತ್ತಾನೆ. ಹೇಳಿದರೆ ನಿನ್ನ ಕಿವಿ ತಡೆದುಕೊಂಡೀತೇ ತಮ್ಮಾ — ಇದನ್ನೇ ಹೋದ ವಸಂತದಲ್ಲಿ ಎರಡು ದಿನ ಹುಡುಕಿದ್ದಳು, ಆಗ ಕುಟುಂಬ ಅನ್ನುವುದನ್ನು ಒತ್ತಿದಳು, ಮಗುವಿನ ನೋಂದಣಿ, ಮದುವೆ, ಅಲ್ಲಿಗೆ ಮುಗಿಯಿತು, ಈ ಊರಲ್ಲಿ ಕುಟುಂಬದವರು ಸಾಯುವುದೇ ಇಲ್ಲವೇನೋ, ಗುತ್ತಿಗೆಯ ಹಣ ಕಟ್ಟುವ ಗಡುವು ಮೀರಿತು, ಸಮಾಧಿಗೆ ದೀಪ ಹಚ್ಚಲು ಹೋದರೆ ಕಲ್ಲಿನಲ್ಲಿ ಗಂಡ ಲೊವ್ರೋನ ಹೆಸರಿನ ಮೇಲೆಯೇ ಹಳದಿ ನೋಟೀಸು, ವಾರಸುದಾರರಿಲ್ಲ, ಇದ್ದಾಳೆ ಕಣ್ರೀ, ಇಲ್ಲೇ ನಿಂತಿದ್ದಾಳೆ, ಉಗುರಲ್ಲಿ ಕೆರೆದು ಕಿತ್ತಳು, ಕಚೇರಿಯಲ್ಲಿ ಇಡೀ ದಿನ ನಿಂತು ಜಾಗ ಉಳಿಸಿಕೊಂಡಳು. ಪುಟ ಇದ್ದದ್ದೆಲ್ಲಿ — ಪರಿಸರ, ಅದರೊಳಗೆ ಕಸ ಮತ್ತು ಉದ್ಯಾನ, ಅದರ ತಳದಲ್ಲಿ, ಯಾಕೆಂದರೆ ಸ್ಮಶಾನದ ಗುಮಾಸ್ತ ಕಸದ ವಿಭಾಗದ ಕೋಣೆಯಲ್ಲಿ ಕೂರುತ್ತಾನಂತೆ, ಯಾರು ಎಲ್ಲಿ ಕೂರುತ್ತಾರೆ ಅನ್ನುವುದು ಊರವರ ತಲೆಯಲ್ಲಿರುತ್ತದೆಯೇ, ಪುರಸಭೆ ಮೂರು ಸಲ ಬೀದಿಗಳ ಹೆಸರು ಬದಲಿಸಿತು, ಜನ ಬೇಕರಿ ಹಿಂದಿನ ಮನೆ, ಕುಂಟು ನಾಯಿ ಮನೆ ಅಂತಲೇ ಬರೆದರು, ಒಂದು ಕಾಗದವೂ ತಪ್ಪಲಿಲ್ಲ, ಅವಳ ತಲೆಯಲ್ಲಿದ್ದ ಊರೂ ಅವರ ತಲೆಯಲ್ಲಿದ್ದ ಊರೂ ಒಂದೇ. ಈಗ ಟಿಲೆನ್ ಮೇಜಿನ ಮೇಲೆ ಪುಟಗಳ ಹೆಸರು ಬರೆದ ಚೀಟಿ ಹರಡುತ್ತಿದ್ದಾನೆ, ಯಾವುದರ ಜೊತೆ ಯಾವುದಿರಬೇಕೋ ನೀವೇ ಜೋಡಿಸಿ ಅಮ್ಮಾ, ಜನನ, ಮದುವೆ, ಅದರ ಪಕ್ಕಕ್ಕೆ ಸಮಾಧಿ, ಇದರಲ್ಲಿ ಯೋಚಿಸುವುದೇನಿದೆ, ಇದುವರೆಗೆ ಬಂದ ಹನ್ನೊಂದು ಜನರೂ ಅಲ್ಲೇ ಇಟ್ಟರು ಅಂದ ಅವನು ಮೆಲ್ಲಗೆ. ಜೋಡಿಸಿದ್ದರ ಫೋಟೊಗೆಂದು ಅವನು ಫೋನು ಎತ್ತುವಷ್ಟರಲ್ಲಿ ಪರಿಸರ ವಿಭಾಗದ ಮುಖ್ಯಸ್ಥೆ ಬ್ರೆಡಾ, ಬಾಗಿಲಿಂದಲೇ, ಝಾಲ್ಕಾ ಅವರೇ, ಅದು ನಮ್ಮ ವಿಭಾಗದ್ದು, ತಡೀರಿ ಸರಿಮಾಡ್ತೀನಿ, ಅನ್ನುತ್ತಾ ಒಳಬಂದಳು, ಕೆಂಪು ಉಗುರಿನ ಬೆರಳು ಸಮಾಧಿಯ ಚೀಟಿಯತ್ತ ಬಂತು — ಝಾಲ್ಕಾ ಅದರ ಮೇಲೆ ಅಂಗೈ ಊರಿದಳು, ಕೈ ತೆಗೀರಿ ಅನ್ನುತ್ತಾಳೆ ಬ್ರೆಡಾ, ತೆಗೆಯಲ್ಲ, ಕಾಗದ ಎಲ್ಲಿಗೆ ಹೋಗಬೇಕು ಅಂತ ನನಗೆ ಹೇಳಿಕೊಡಬೇಡಿ, ನೀನು ಫೋಟೊ ತೆಗಿ ತಮ್ಮಾ, ಕೈಯನ್ನೂ ಸೇರಿಸಿ ತೆಗಿ, ಅವನು ಬ್ರೆಡಾಳನ್ನು ನೋಡಿದ, ಫೋಟೊ ತೆಗೆದ, ಮದುವೆಯ ಪಕ್ಕದ ಚೀಟಿ, ಅದರ ಮೇಲೆ ನರ ಉಬ್ಬಿದ ಈ ಕೈ, ಎತ್ತುವುದಿಲ್ಲ, ಈ ಕೈ, ಚೀಟಿಯ ಮೇಲೆ ಈ ಕೈ