ಪಟ್ಟಿಯಲ್ಲಿ ಮೊದಲ ಕಳ್ಳ

ಹಲಸೂರಿನ ಬಜಾರ್ ಬೀದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಮುನಿರಾಜುವಿಗೆ ನಿಧಾನವಾದ ಫೋನ್ ಕಂಡರೆ ಮೈಯೆಲ್ಲ ಉರಿಯುತ್ತದೆ. ಕಂಪನಿಯವರು ಒಳ್ಳೆಯ ಆಂಡ್ರಾಯ್ಡಿನ ಮೇಲೆ ತಮ್ಮದೊಂದು ಅಂಗಿ ತೊಡಿಸಿ, ಆ ಅಂಗಿಗೆ ನೂರೆಂಟು ಜೇಬು ಹೊಲಿದು, ಯಾರೂ ಕೇಳದ ಸಾಮಾನನ್ನೆಲ್ಲ ಅದರಲ್ಲಿ ತುರುಕಿ ಮಾರುತ್ತಾರೆ ಅನ್ನುವುದು ಅವನ ಸಿಟ್ಟು. ದಿನಕ್ಕೊಂದು ಗೋಡೆಚಿತ್ರ ಬದಲಿಸುವುದೊಂದು, ಹವಾಮಾನ ಹೇಳುವುದು ಎರಡು, ಆಟದ ಜಾಹೀರಾತು ತೋರಿಸುವುದು ನಾಲ್ಕು. ಪಾಪದ ಫೋನು ಇಷ್ಟನ್ನೂ ಹೊತ್ತು ಏದುಸಿರು ಬಿಡುತ್ತಾ ಓಡಬೇಕು. ಮುನಿರಾಜು ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಬೇಡದ್ದನ್ನೆಲ್ಲ ಕಿತ್ತುಹಾಕುತ್ತಾನೆ. ಸಂಜೆಯೊಳಗೆ ಫೋನು ಹೊಸದರ ಹಾಗೆ ಓಡುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಕಿತ್ತುಹಾಕುವುದಕ್ಕೆ ಅವನದೇ ಒಂದು ಪದ್ಧತಿ ಇತ್ತು. ಮೊದಲು ಬ್ಯಾಟರಿ ಪಟ್ಟಿ ತೆಗೆಯುವುದು. ಯಾವ ಆ್ಯಪ್ ಎಷ್ಟು ತಿಂದಿದೆ ಎಂದು ಆ ಪಟ್ಟಿ ಹೇಳುತ್ತದಲ್ಲ, ಅದರ ಫೋಟೋ ಹಿಡಿಯುವುದು. ಪಟ್ಟಿಯ ತಲೆಯಲ್ಲಿ ಯಾರು ಕೂತಿದ್ದಾನೋ ಅವನೇ ದೊಡ್ಡ ಕಳ್ಳ, ಅವನ ತಲೆ ಮೊದಲು. ಆಮೇಲೆ ಮುಂಚಿನ ಪಟ್ಟಿ, ಈಗಿನ ಪಟ್ಟಿ ಎರಡನ್ನೂ ಅಕ್ಕಪಕ್ಕ ಇಟ್ಟು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದು. ಆ ಫೋಟೋ ನೋಡಿಯೇ ಇಂದಿರಾನಗರದಿಂದ, ಶಿವಾಜಿನಗರದಿಂದ ಗಿರಾಕಿಗಳು ಹುಡುಕಿಕೊಂಡು ಬರುತ್ತಿದ್ದರು.

ಆ ಮಂಗಳವಾರ ಬೆಳಿಗ್ಗೆ ಅಂಗಡಿ ತೆಗೆಯುವುದಕ್ಕೂ ಚಂದ್ರಾಮಪ್ಪ ಬರುವುದಕ್ಕೂ ಸರಿಹೋಯಿತು. ಕಲಬುರಗಿ ಕಡೆಯ ಗಾರೆ ಕೆಲಸದವನು. ಮೂರು ವರ್ಷದ ಹಿಂದೆ ಇದೇ ಅಂಗಡಿಯ ಗೋಡೆಗೆ ಸಿಮೆಂಟು ಬಳಿದಿದ್ದವನು. ಈಗ ಕೆ.ಆರ್. ಪುರದ ದೇವಸಂದ್ರದಲ್ಲಿ ಬಾಡಿಗೆ ಮನೆ.

"ಮಗಳ ಫೋನ್ರಿ, ರಾಜೇಶ್ವರಿದು," ಎಂದು ಅವನು ಫೋನನ್ನು ಎರಡೂ ಕೈಯಲ್ಲಿ ಕೊಟ್ಟ. "ಬಾಳ ನಿಂತ್ ನಿಂತ್ ನಡೀಲಕತ್ತದ. ಆಕಿಗಿ ಕಿವಿ ಕೇಳಂಗಿಲ್ರಿ, ಮಾತೂ ಬರಂಗಿಲ್ಲ. ಅಳಿಯ ಶರಣಬಸವ ಲಾರಿ ಮ್ಯಾಲ ಇರ್ತಾನ, ಅವನ ಸಂಗಡ ವಿಡಿಯೋದಾಗ ಕೈಲೆ ಮಾತಾಡ್ತಾಳ. ಕೈ ಒಂದ್ ಕಡಿ ನಿಂತೇ ಬಿಡ್ತದ್ರಿ, ಮಾತು ಅರ್ಧಕ್ಕ ತುಂಡಾಗ್ತದ."

ಮುನಿರಾಜು ಸ್ಟೂಲು ಮುಂದಕ್ಕೆ ತಳ್ಳಿದ. "ಕೂತ್ಕೊಳ್ಳಿ ಯಜಮಾನ್ರೆ. ನಿಮ್ ಮಗಳ ಕೈ ನೀರಿನ್ ಥರ ಓಡ್ಬೇಕು, ಹಂಗ್ ಮಾಡ್ಕೊಡ್ತೀನಿ."

"ಲಗೂ ಮಾಡ್ರಿ. ಆಕಿ ಫೋನ್ ಬಿಟ್ಟು ಒಂದ್ ತಾಸೂ ಇರಂಗಿಲ್ಲ."

ಈಗಿನ ಕಾಲದಲ್ಲಿ ಯಾರು ತಾನೇ ಇರ್ತಾರೆ ಎಂದು ಮುನಿರಾಜು ನಕ್ಕ. ಯಾಕೆ ಎಂದು ಕೇಳಬೇಕಿತ್ತು. ಕೇಳಲಿಲ್ಲ, ಮಹಾನುಭಾವ.

ಬ್ಯಾಟರಿ ಪಟ್ಟಿ ತೆಗೆದು ನೋಡಿದರೆ ಮೊದಲ ಸಾಲಿನಲ್ಲೇ ಒಬ್ಬ ಕಳ್ಳ ಮೂವತ್ತೊಂದು ಪರ್ಸೆಂಟು ನುಂಗಿ ಕೂತಿದ್ದ. ಅದರ ಹೆಸರು 'ಸದ್ದು ಗುರುತು'. ಕಂಪನಿಯವರೇ ಹಾಕಿಕೊಟ್ಟಿದ್ದು. ಮುಟ್ಟಿ ನೋಡಿದರೆ, ಮೈಕು ಇಪ್ಪತ್ತನಾಲ್ಕು ಗಂಟೆಯೂ ತೆರೆದಿದೆ. ಮುನಿರಾಜುವಿಗೆ ರಕ್ತ ಕುದಿಯಿತು. "ನೋಡಿ ಯಜಮಾನ್ರೆ, ಹಗಲೂ ರಾತ್ರಿ ನಿಮ್ಮನೇಲಿ ಆಡೋದೆಲ್ಲ ಕದ್ದು ಕೇಳ್ತಿದೆ ಇದು! ಹೆಣ್ಮಕ್ಕಳಿರೋ ಮನೆ!" ಎಂದ. ಚಂದ್ರಾಮಪ್ಪ ಗಾಬರಿಯಾಗಿ, "ತಗದ್ ಒಗೀರಿ ಅದನ್ನ" ಎಂದ. ಮುನಿರಾಜು ತೆಗೆದು ಒಗೆದ. ಅದರ ಹಿಂದೆಯೇ ಕೈಗೆ ಕಟ್ಟುವ ಯಾವುದೋ ಬ್ಯಾಂಡಿಗೆ ಸುದ್ದಿ ಕಳಿಸುವ ಆ್ಯಪ್ ಹೋಯಿತು, ಫೋನ್ ಬಂದರೆ ಲೈಟು ಮಿಣುಕಿಸುವುದು ಹೋಯಿತು, ಇನ್ನೂ ಇಪ್ಪತ್ತಾರು ಹೋದವು. ಫೋನು ಬೆಣ್ಣೆಯಂತೆ ಜಾರತೊಡಗಿತು. ಚಂದ್ರಾಮಪ್ಪ ಕೈಮುಗಿದು ಹೊರಟ.

ಮಧ್ಯಾಹ್ನ ಒಂದೂವರೆಗೆ ಹೆಂಡತಿ ಆದಿಲಕ್ಷ್ಮಿ ಊಟದ ಡಬ್ಬಿ ತಂದಳು. ಮುನಿರಾಜು ತುತ್ತಿನ ನಡುವೆ ಎಡಗೈಯಲ್ಲಿ ಸ್ಟೇಟಸ್ ಹಾಕುತ್ತಾ, ತಾನು ಹಿಡಿದ ಕಳ್ಳನ ಕಥೆಯನ್ನು ಹೆಂಡತಿಗೆ ಹೇಳಿದ. ಅವಳು ಫೋಟೋ ದೊಡ್ಡದು ಮಾಡಿ ನೋಡಿದಳು.

"ಏನ್ರೀ ಇದು, ಕೆಳಗೆ ಸಣ್ಣಕ್ಷರದಲ್ಲಿ ಬರ್ದಿದೆ? 'ಇಂದು ಗುರುತಿಸಿದ್ದು: ಮಗುವಿನ ಅಳು ಒಂಬತ್ತು, ಬಾಗಿಲ ಬೆಲ್ ಎರಡು.'"

ಮುನಿರಾಜುವಿನ ಕೈ ಡಬ್ಬಿಯಲ್ಲೇ ನಿಂತಿತು.

"ಆ ಹುಡುಗಿಗೆ ಕಿವಿ ಕೇಳಲ್ಲ ಅಂದ್ರಲ್ಲ," ಎಂದಳು ಆದಿಲಕ್ಷ್ಮಿ. "ಮಗು ಅಳೋದನ್ನ ಅವಳಿಗೆ ಹೇಳ್ತಿದ್ದಿದ್ದು ಇದೇ ಅಲ್ವೇನ್ರೀ? ಅಯ್ಯೋ, ಏನ್ ಮಾಡ್ಬಿಟ್ರಿ?"

ಫೋನಿನ ಗೋಡೆಚಿತ್ರದಲ್ಲಿ ಬೋಳುತಲೆಯ ಒಂದು ಮಗು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದದ್ದು ಮುನಿರಾಜುವಿಗೆ ಆಗ ನೆನಪಾಯಿತು. ಬಿಲ್ಲಿನಲ್ಲಿದ್ದ ಚಂದ್ರಾಮಪ್ಪನ ನಂಬರಿಗೆ ಮಾಡಿದ. ನಾಲ್ಕನೇ ಸಲಕ್ಕೆ ಎತ್ತಿದ.

"ಫೋನ್ ಮನಿಗಿ ಕೊಟ್ಟು ಕೆಲಸಕ್ಕ ಬಂದೀನ್ರಿ. ಹೊಸಕೋಟಿ ಆಚಿ ಸೈಟಿನಾಗ ಇದೀನಿ."

"ಮನೇಲಿ ಮಗು ಜೊತೆ ಯಾರಿದ್ದಾರೆ?"

"ರಾಜೇಶ್ವರಿ ಒಬ್ಬಾಕೀನೇ. ಮುಂದಿನ ಖೋಲ್ಯಾಗ ಬ್ಲೌಸ್ ಹೊಲೀತಿರ್ತಾಳ, ಕೂಸು ಒಳಗ ಜೋಳಿಗ್ಯಾಗ ಮಲಗಿರ್ತದ. ಕೂಸು ಅತ್ರ ಆಕಿ ಕೈಯಾಗಿನ ಬ್ಯಾಂಡು ನಡಗ್ತದಲ್ರಿ, ಓಡಿ ಹೋಗ್ತಾಳ. ನಿನ್ನಿ ಕೂಸಿಗಿ ಜ್ವರ ಏರಿ ಫಿಟ್ಸ್ ಬಂದಿತ್ತು. ಅತ್ರ ತಡ ಮಾಡಬ್ಯಾಡ ಅಂತ ಡಾಕ್ಟರ್ ಹೇಳ್ಯಾರ. ಯಾಕ್ರಿ?"

ಯಾಕೆ ಎಂದು ಮುನಿರಾಜು ಹೇಳಿದ. ಹೇಳುವಾಗ ನಾಲಿಗೆ ಎರಡು ಸಲ ತೊದಲಿತು. "ನನಗ ಆ ಬ್ಯಾಂಡು ಗೊತ್ತು, ಅದಕ್ಕ ಸುದ್ದಿ ಫೋನಿನಾಗಿಂದ ಬರ್ತದಂತ ಗೊತ್ತಿರಲಿಲ್ರಿ," ಎಂದ ಚಂದ್ರಾಮಪ್ಪ. ಆಮೇಲೆ ಮುದುಕನ ದನಿ ಕಿರುಚಿದಂತೆ ಬಂತು: "ನಾ ಮುಟ್ಟೂದ್ರಾಗ ಎರಡು ತಾಸು ಆಗ್ತದ! ನೀವ್ ಓಡ್ರಿ ಯಪ್ಪಾ, ನೀವ್ ಓಡ್ರಿ!"

ಕೈ ತೊಳೆಯುವುದಕ್ಕೂ ನಿಲ್ಲದೆ ಮುನಿರಾಜು ಓಡಿದ. ಬೈಕಿನಲ್ಲಿ ಹೋದರೆ ಟಿನ್ ಫ್ಯಾಕ್ಟರಿಯ ಜಾಮಿನಲ್ಲಿ ಸತ್ತೇ ಹೋಗುತ್ತೇನೆಂದು ಹಲಸೂರು ಮೆಟ್ರೊ ಹತ್ತಿದ. ಅವಳಿಗೆ ಫೋನ್ ಮಾಡುವ ಹಾಗಿಲ್ಲ. ಚಂದ್ರಾಮಪ್ಪನಿಂದ ಪಡೆದ ಅವಳ ನಂಬರಿಗೆ ವಾಟ್ಸಾಪ್ ಮೆಸೇಜ್ ಹಾಕಿದ: 'ಮಗು ನೋಡಿ. ತಕ್ಷಣ ಮಗು ನೋಡಿ.' ಎರಡು ಬೂದು ಗೀಟು ಬಿದ್ದವು, ನೀಲಿಯಾಗಲಿಲ್ಲ. ಹೇಗೆ ಆಗಬೇಕು? ಮೆಸೇಜ್ ಬಂದರೆ ಬ್ಯಾಂಡು ನಡುಗಿಸುತ್ತಿದ್ದದ್ದನ್ನೂ, ಲೈಟು ಮಿಣುಕಿಸುತ್ತಿದ್ದದ್ದನ್ನೂ ಕಿತ್ತುಹಾಕಿದ್ದು ಅವನೇ. ಅವಳ ಮನೆಯ ಕಡೆಗಿದ್ದ ದಾರಿಗಳನ್ನೆಲ್ಲ ತಾನೇ ಒಂದೊಂದಾಗಿ ಮುಚ್ಚಿ ಬಂದಿದ್ದೇನೆ ಎಂದು ಅವನಿಗೆ ಹೊಳೆದಾಗ ಕಂಬಿ ಹಿಡಿದು ನಿಂತುಕೊಂಡ.

ಇಂದಿರಾನಗರದಲ್ಲಿ ಒಬ್ಬ ತಾಯಿ ಮಗುವನ್ನೆತ್ತಿಕೊಂಡು ಹತ್ತಿದಳು. ಬಾಗಿಲು ಮುಚ್ಚುತ್ತಲೇ ಮಗು ಕಿಟಾರನೆ ಅತ್ತಿತು. ಬೋಗಿಯ ಜನರೆಲ್ಲ ತಿರುಗಿ ನೋಡಿದರು, ಕಿವಿಗೆ ಹೆಡ್‌ಫೋನ್ ಹಾಕಿದ್ದವನೂ ನೋಡಿದ. ಇಷ್ಟು ಜನರಿಗೆ ಬೇಡವೆಂದರೂ ಕೇಳಿಸುತ್ತದೆ, ಒಬ್ಬಳಿಗೆ ಮಾತ್ರ ಕೇಳಿಸುವುದಿಲ್ಲ, ಅವಳಿಗೆ ಕಿವಿಯಾಗಿದ್ದದ್ದನ್ನು ನಾನು ಕಳ್ಳ ಎಂದು ಕರೆದೆ. ಸೋಮೇಶ್ವರಾ, ಮಗು ನಿದ್ದೆ ಮಾಡ್ತಾ ಇರಲಿ, ಬರೀ ನಿದ್ದೆ ಮಾಡ್ತಾ ಇರಲಿ ಎಂದು ಅವನು ಬೈಯಪ್ಪನಹಳ್ಳಿ ದಾಟುವವರೆಗೂ ಗೊಣಗಿದ. ಮತ್ತೆ ಮತ್ತೆ ಫೋನು ನೋಡಿದ. ಗೀಟುಗಳು ಇನ್ನೂ ಬೂದು.

ಕೃಷ್ಣರಾಜಪುರದಲ್ಲಿ ಇಳಿದು ಆಟೋ ಹಿಡಿದ. ಚಂದ್ರಾಮಪ್ಪ ಹೇಳಿದ್ದ ಗುರುತಿನ ಹಸಿರು ಕಟ್ಟಡ ಸಿಕ್ಕಿತು. ಆಟೋದವನಿಗೆ ಕಾಯಲು ಹೇಳಿ ಒಳಗೆ ಓಡಿದ. ಮೂರನೇ ಮಹಡಿಗೆ ಹತ್ತುವಾಗ ಎರಡನೆಯದರಲ್ಲೇ ಕೇಳಿಸಿತು: ಹೊಲಿಗೆ ಮೆಷಿನ್ನಿನ ಮೋಟಾರು, ಅದರ ಜೊತೆಗೆ ಮಗುವಿನ ಅಳು. ಗಂಟಲು ಹರಿದುಹೋದ ಅಳು. ತುಂಬ ಹೊತ್ತಿನಿಂದ ಅತ್ತ ಮಗುವಿನದು.

ಬಾಗಿಲಿಗೆ ಒಳಗಿನಿಂದ ಚಿಲಕ. ಮುನಿರಾಜು ಬಡಿದ, ಒದ್ದ, "ಅಮ್ಮಾ! ರಾಜೇಶ್ವರೀ!" ಎಂದು ಕೂಗಿದ. ಕೂಗಿ, ಯಾರನ್ನು ಕೂಗುತ್ತಿದ್ದೇನೆ ಎಂದು ತನ್ನನ್ನೇ ಬೈದುಕೊಂಡ. ಪಕ್ಕದ ಮನೆಗಳಿಗೆಲ್ಲ ಬೀಗ, ಎಲ್ಲರೂ ಕೆಲಸಕ್ಕೆ ಹೋಗುವವರೇ. ಕಿಟಕಿಗೆ ಸೊಳ್ಳೆಪರದೆ ಜಡಿದಿತ್ತು. ಅದರ ಮೂಲಕ ಅವಳ ಬೆನ್ನು ಕಾಣಿಸಿತು. ಉದ್ದ ಜಡೆ, ಬಗ್ಗಿದ ಕತ್ತು, ಬಟ್ಟೆ ತಳ್ಳುತ್ತಿರುವ ಎಡಗೈಯಲ್ಲಿ ಕಪ್ಪು ಬ್ಯಾಂಡು. ಅವಳು ಒಮ್ಮೆ ಕೈ ತಿರುಗಿಸಿ ಬ್ಯಾಂಡು ನೋಡಿಕೊಂಡಳು. ಅದು ಟೈಮು ತೋರಿಸುತ್ತಿತ್ತು, ಅಷ್ಟೆ. ಮಗು ಹಾಯಾಗಿ ಮಲಗಿದೆ ಎಂದುಕೊಂಡು ಅವಳು ಮತ್ತೆ ಹೊಲಿಯತೊಡಗಿದಳು.

ಆಗಲೇ ಒಳಗೆ ಅಳು ನಿಂತುಬಿಟ್ಟಿತು.

ಅಳುವಾಗ ಆಗಿದ್ದ ಹೆದರಿಕೆ ಈ ಮೌನದ ಮುಂದೆ ಏನೂ ಅಲ್ಲ. ಏನು ಮಾಡಲಿ, ಏನು ಮಾಡಲಿ ಎಂದು ಸುತ್ತ ನೋಡಿದ ಮುನಿರಾಜುವಿಗೆ ಮೋಟಾರಿನ ಸದ್ದು ಕೇಳಿ ಬುದ್ಧಿ ಬಂತು. ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಕೆಳಗಿಳಿದ. ಮೀಟರ್ ಬೋರ್ಡು ಮೆಟ್ಟಿಲ ಕೆಳಗಿತ್ತು. ಯಾವುದು ಯಾರ ಮನೆಯದೆಂದು ನೋಡದೆ ಎಲ್ಲ ಸ್ವಿಚ್ಚನ್ನೂ ಕೆಳಕ್ಕೆ ಎಳೆದ. ಇಡೀ ಕಟ್ಟಡ ತಣ್ಣಗಾಯಿತು. ಮತ್ತೆ ಮೇಲೆ ಓಡಿದ.

ಮೆಷಿನ್ನು ನಿಂತಿದ್ದಕ್ಕೆ ರಾಜೇಶ್ವರಿ ಎದ್ದು, ಅಕ್ಕಪಕ್ಕದಲ್ಲೂ ಕರೆಂಟು ಹೋಗಿದೆಯೇ ಎಂದು ನೋಡಲು ಬಾಗಿಲು ತೆಗೆದಳು. ಎದುರಿಗೆ ಏದುಸಿರು ಬಿಡುತ್ತಾ ನಿಂತ ಅಪರಿಚಿತ ಗಂಡಸನ್ನು ಕಂಡು ಹೌಹಾರಿ ಬಾಗಿಲು ತಳ್ಳಿದಳು. ಮುನಿರಾಜು ಸಂದಿಗೆ ಕಾಲು ಕೊಟ್ಟ. ಎರಡು ತೋಳು ಕೂಡಿಸಿ ಮಗು ತೂಗಿದ ಹಾಗೆ ತೂಗಿ ತೋರಿಸಿದ. ಒಳಗಿನ ಕೋಣೆಗೆ ಬೆರಳು ಮಾಡಿದ. ಅವಳ ಮುಖದ ಬಣ್ಣವೇ ಇಳಿದುಹೋಯಿತು. ತಿರುಗಿ ಓಡಿದಳು.

ಜೋಳಿಗೆಯಲ್ಲಿ ಮಗು ಕೆಂಡವಾಗಿತ್ತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಕೈಕಾಲು ಸೆಟೆದು ಸೆಟೆದು ಅದುರುತ್ತಿದ್ದವು, ತುಟಿ ನೀಲಿ. ತಾಯಿಯ ಗಂಟಲಿನಿಂದ ಹೊರಟ ಸದ್ದನ್ನು ಮುನಿರಾಜು ಈ ಜನ್ಮದಲ್ಲಿ ಮರೆಯಲಾರ. ಮಗುವನ್ನು ಬಾಚಿಕೊಂಡು, ಪಕ್ಕಕ್ಕೆ ಹೊರಳಿಸಿ ಹಿಡಿದು, ಇಬ್ಬರೂ ಕಾಯುತ್ತಿದ್ದ ಆಟೋಗೆ ಬಿದ್ದರು.

ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಾಕಿದರು. ಇಪ್ಪತ್ತು ನಿಮಿಷ ಆ ಪರದೆಯಾಚೆ ಏನು ನಡೆಯಿತೋ ಇಬ್ಬರಿಗೂ ಗೊತ್ತಿಲ್ಲ. ಆಮೇಲೆ ಮಾರಿಯಾ ಎಂಬ ನರ್ಸಮ್ಮ ಹೊರಗೆ ಬಂದು, "ನಿಂತಿದೆ. ಮಗು ಉಸಿರಾಡ್ತಿದೆ," ಎಂದಳು. "ಆದ್ರೆ ಜ್ವರ ಇಳಿದಿಲ್ಲ, ಮತ್ತೆ ಬರ್ಬೋದು. ಸ್ವಲ್ಪ ನರಳಿದ್ರೂ ನಮ್ಮನ್ನ ಕರೀರಿ. ಇವತ್ತು ಇನ್ನೊಂದಿಷ್ಟು ಹೊತ್ತು ಬಿಟ್ಟಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದಳು.

ಮಂಚದ ಪಕ್ಕ ಕೂತ ರಾಜೇಶ್ವರಿ ಇದ್ದಕ್ಕಿದ್ದಂತೆ ಬಗ್ಗಿ ಮುನಿರಾಜುವಿನ ಕಾಲು ಮುಟ್ಟಿದಳು. ತನ್ನ ಫೋನಿನಲ್ಲಿ ಸರಸರನೆ ಬರೆದು ತೋರಿಸಿದಳು: 'ಅಣ್ಣಾ, ನೀವು ಯಾರು? ನಿಮ್ಮನ್ನು ದೇವರೇ ಕಳಿಸಿದ. ನನ್ನ ಬ್ಯಾಂಡ್ ಇವತ್ತು ಯಾಕೋ ನಡುಗಲಿಲ್ಲ.'

ಸುಮ್ಮನಿದ್ದುಬಿಡಬಹುದಿತ್ತು. ಹಾಗೆಂದು ಒಂದು ಗಳಿಗೆ ಅವನಿಗೆ ಅನಿಸಿದ್ದೂ ನಿಜ. ಆದರೆ ಅವಳ ಕಣ್ಣಲ್ಲಿದ್ದ ಆ ನಂಬಿಕೆಯನ್ನು ನೋಡಿದರೆ ಅವನಿಗೆ ಇನ್ನೂ ಹೆದರಿಕೆಯಾಯಿತು. ತನ್ನ ಫೋನಿನಲ್ಲಿ ಬರೆದು ತೋರಿಸಿದ: 'ನಿಮ್ಮ ಫೋನ್ ರಿಪೇರಿ ಮಾಡಿದವನು ನಾನೇ. ಬ್ಯಾಂಡ್ ನಡುಗಿಸೋದನ್ನ ಬೇಡದ್ದು ಅಂತ ನಾನೇ ತೆಗೆದುಹಾಕಿದೆ. ಸ್ಪೀಡ್ ಆಗಲಿ ಅಂತ.'

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಗಂಡನಿಗೆ ವಿಡಿಯೋ ಮಾಡಿ, ಫೋನನ್ನು ಕಿಟಕಿಗೆ ಒರಗಿಸಿಟ್ಟು ಎರಡೂ ಕೈಯಲ್ಲಿ ಹೇಳತೊಡಗಿದಳು. ಎಷ್ಟು ವೇಗ, ಎಷ್ಟು ಸ್ಪಷ್ಟ! ಒಂದು ಬೆರಳೂ ಎಲ್ಲೂ ತಡೆಯಲಿಲ್ಲ. ಜೋಳಿಗೆ, ಜ್ವರ, ಸೆಟೆದ ಕೈಗಳು ಎಲ್ಲವೂ ಮುನಿರಾಜುವಿಗೂ ಅರ್ಥವಾಯಿತು. ಕಡೆಗೆ ಅವಳ ಬೆರಳು ನೇರವಾಗಿ ಅವನ ಕಡೆ ತಿರುಗಿತು. ಪರದೆಯೊಳಗಿನ ಗಂಡ ಅವನನ್ನು ನೋಡಿದ. ಮುನಿರಾಜು ತಲೆ ತಗ್ಗಿಸಿದ.

ವಿಡಿಯೋ ಮುಗಿದ ಮೇಲೆ ಅವನು ಕೈಚಾಚಿದ. ಕೊಡಿ, ತೆಗೆದದ್ದನ್ನೆಲ್ಲ ಈಗಲೇ ಮತ್ತೆ ಹಾಕಿಕೊಡುತ್ತೇನೆ ಎಂದು ಬರೆದು ತೋರಿಸಿದ. ರಾಜೇಶ್ವರಿ ಫೋನನ್ನು ಎದೆಗೆ ಅವಚಿಕೊಂಡು ತಲೆಯಾಡಿಸಿದಳು. ಕೊಡಲಿಲ್ಲ.

ಹೋಗೆಂದೂ ಅವಳು ಹೇಳಲಿಲ್ಲ, ಇರೆಂದೂ ಹೇಳಲಿಲ್ಲ. ಚಂದ್ರಾಮಪ್ಪ ಬರುವುದಕ್ಕೆ ಇನ್ನೂ ಒಂದು ತಾಸಿತ್ತು. ಮುನಿರಾಜು ಬೆಂಚನ್ನು ಮಂಚದ ಹತ್ತಿರಕ್ಕೆ, ಅವಳ ಎದುರಿಗೆ ಎಳೆದುಕೊಂಡು ಕೂತ. ಹೊರಗೆ ಬಸ್ಸುಗಳ ಹಾರ್ನು, ಕಾರಿಡಾರಿನಲ್ಲಿ ಟ್ರಾಲಿಯ ಕಿರಿಕಿರಿ. ಅವೆಲ್ಲವನ್ನೂ ಸರಿಸಿ ಅವನು ಒಂದೇ ಒಂದು ಸದ್ದಿಗೆ ಕಿವಿ ಕೊಟ್ಟ. ಗಂಟಲು ಒಣಗಿದರೂ ನೀರಿಗೆ ಏಳಲಿಲ್ಲ. ಕೆಮ್ಮು ಬಂದರೆ ಬಾಯಿಗೆ ಕೈ ಅಡ್ಡ ಹಿಡಿದ. ನನಗೆಲ್ಲಿ ಕೇಳದೇ ಹೋಗುತ್ತದೋ ಎಂಬ ಹೆದರಿಕೆಯಲ್ಲಿ ಉಸಿರನ್ನೂ ಮೆಲ್ಲಗೆ ಬಿಟ್ಟ. ಆದಿಲಕ್ಷ್ಮಿಯ ಫೋನ್ ಬಂದಾಗ ಎತ್ತದೆ ಆಫ್ ಮಾಡಿದ.

ಮಗು ಸಣ್ಣಗೆ ನರಳಿತು.

ಮುನಿರಾಜು ತಟಕ್ಕನೆ ಕೈ ಎತ್ತಿದ. ರಾಜೇಶ್ವರಿ ಆ ಕೈಯನ್ನೇ ನೋಡುತ್ತಿದ್ದಳು. ನೋಡಿದ ಕೂಡಲೇ ಎದ್ದು ಮಗುವಿನ ಮೇಲೆ ಬಾಗಿದಳು.